ಕುಬರ್ನೆಟಿಸ್ ಕ್ಲಸ್ಟರ್‌ಗೆ ನಿಗಾ ಏಜೆಂಟ್: ಮೊದಲ ಪಾಠ

ರಾತ್ರಿ ಎರಡು ಗಂಟೆಗೆ ಕ್ಲಸ್ಟರ್‌ನ ಒಂದು ನೋಡ್ ಕೈಕೊಟ್ಟಿತು ಅಂದುಕೊಳ್ಳಿ. ಕ್ಲೌಡ್ ಆ ಯಂತ್ರವನ್ನು ತೆಗೆದು ಹೊಸದೊಂದನ್ನು ಕೊಟ್ಟಿತು. ಹಳೆಯದರ ಮೇಲಿದ್ದ ಪಾಡ್‌ಗಳು ಕೆಲವು ನಿಮಿಷಗಳಲ್ಲಿ ಬೇರೆ ನೋಡ್‌ಗಳಲ್ಲಿ ಎದ್ದವು. ಬೆಳಿಗ್ಗೆ ನೀವು ಬಂದು ಕ್ಯೂಬ್‌ಸಿಟಿಎಲ್ ಎಂಬ ಆದೇಶದಲ್ಲಿ ಕ್ಲಸ್ಟರನ್ನು ಕೇಳಿದರೆ ಎಲ್ಲವೂ ‘ರನ್ನಿಂಗ್’. ಆದರೆ ರಾತ್ರಿ ಹಣ ಕಟ್ಟಲು ಹೋದ ಗ್ರಾಹಕರು ದೂರು ಬರೆದಿದ್ದಾರೆ. ಏನಾಯಿತೆಂದು ಹುಡುಕಹೊರಟರೆ ಹಳೆಯ ಪಾಡ್ ಇಲ್ಲ. ಅದರ ಲಾಗ್ ಇದ್ದದ್ದು ಹಳೆಯ ನೋಡ್‌ನ ಡಿಸ್ಕಿನಲ್ಲಿ, ಆ ಡಿಸ್ಕೂ ಇಲ್ಲ. ಕ್ಲಸ್ಟರ್ ತಾನಾಗಿ ಬರೆದಿಟ್ಟುಕೊಳ್ಳುವ ಈವೆಂಟ್‌ಗಳು ಬೇರೆ ಏನೂ ಹೇಳದಿದ್ದರೆ 1 ಗಂಟೆಗೆ ಅಳಿದುಹೋಗುತ್ತವೆ.

ಒಂದೇ ಸರ್ವರ್ ಇಟ್ಟುಕೊಂಡಿದ್ದ ದಿನಗಳಲ್ಲಿ ಹೀಗಾಗುತ್ತಿರಲಿಲ್ಲ. ಪ್ರೋಗ್ರಾಂ ಬಿದ್ದರೆ ಬಿದ್ದಲ್ಲೇ ಇರುತ್ತಿತ್ತು, ಲಾಗ್ ಫೈಲ್ ತೆರೆದರೆ ಕಾರಣ ಸಿಗುತ್ತಿತ್ತು. ಕುಬರ್ನೆಟಿಸ್ ಬಿದ್ದದ್ದನ್ನು ಎತ್ತಿ ನಿಲ್ಲಿಸುತ್ತದೆ, ಎತ್ತುವಾಗ ಬಿದ್ದ ಜಾಗವನ್ನು ಗುಡಿಸಿಯೂ ಬಿಡುತ್ತದೆ. ಆದ್ದರಿಂದ ಕಂಟೇನರ್‌ಗಳು ಬದುಕಿರುವಾಗಲೇ ಅವುಗಳ ಲೆಕ್ಕವನ್ನು ಹೊರಗೆ ಒಯ್ದು ಬೇರೆಡೆ ಇಡುವವರು ಒಬ್ಬರು ಬೇಕು. ಆ ಕೆಲಸಕ್ಕಿರುವ ಪ್ರೋಗ್ರಾಂಗೇ ನಿಗಾ ಏಜೆಂಟ್ ಎನ್ನುತ್ತಾರೆ. ತೊಂದರೆ ಬಂದ ಮೇಲೆ ಅದನ್ನು ಹಾಕಿದರೆ ಹಿಂದಿನ ರಾತ್ರಿಯ ಲೆಕ್ಕ ಸಿಗುವುದಿಲ್ಲ.

ಡಾಕರ್‌ನಲ್ಲಿ ಒಂದೆರಡು ಕಂಟೇನರ್ ಓಡಿಸಿ, ಪಾಡ್, ಡಿಪ್ಲಾಯ್‌ಮೆಂಟ್ ಎಂಬ ಮಾತುಗಳ ಪರಿಚಯ ಮಾಡಿಕೊಂಡವರಿಗೆಂದು ಈ ಪಾಠ ಬರೆಯುತ್ತಿದ್ದೇನೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏಜೆಂಟ್ ಹಾಕುವುದು ಐದು ನಿಮಿಷದ ಕೆಲಸ, ಆದೇಶಗಳು ನಾಲ್ಕೈದೇ. ಆದರೆ ಪಾಡ್‌ಗಳು ‘ರನ್ನಿಂಗ್’ ಎಂದು ತೋರಿಸಿದಾಗ ಆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನೀವೇ ಒಂದು ಕಂಟೇನರನ್ನು ಬೇಕೆಂದೇ ಕೆಡವಿ, ಕೆಡವಿದ್ದು ಪರದೆಯಲ್ಲಿ ಕಂಡಾಗ ಮುಗಿಯಿತು ಎನ್ನಿ.

ಮೊದಲಿಗೆ, ಲೆಕ್ಕ ಇರುವುದೆಲ್ಲಿ? ಏಜೆಂಟ್ ಏನನ್ನೂ ಹುಟ್ಟಿಸುವುದಿಲ್ಲ, ಆಗಲೇ ಬರೆದಿಟ್ಟದ್ದನ್ನು ಓದುತ್ತದೆ ಅಷ್ಟೆ. ಕಂಟೇನರ್ ಎಂದರೆ ಲಿನಕ್ಸ್‌ನ ದೃಷ್ಟಿಯಲ್ಲಿ ಒಂದು ಸಾಮಾನ್ಯ ಪ್ರೊಸೆಸ್. ಅದರ ಸುತ್ತ ಒಂದಿಷ್ಟು ಬೇಲಿ ಹಾಕಲಾಗಿದೆ. ಆ ಬೇಲಿಗಳಲ್ಲಿ ಒಂದರ ಹೆಸರು ಸಿಗ್ರೂಪ್. ಗೂಗಲ್‌ನ ಎಂಜಿನಿಯರ್‌ಗಳು 2006ರಲ್ಲಿ ಆರಂಭಿಸಿದ ಈ ಕೆಲಸ 2008ರ ಜನವರಿಯಲ್ಲಿ ಲಿನಕ್ಸ್ 2.6.24 ಆವೃತ್ತಿಯೊಂದಿಗೆ ಎಲ್ಲರ ಕೈಗೆ ಬಂತು. ಒಂದು ಗುಂಪಿನ ಪ್ರೊಸೆಸ್‌ಗಳು ಎಷ್ಟು ಸಿಪಿಯು, ಎಷ್ಟು ಮೆಮೊರಿ ಬಳಸಬಹುದು ಎಂದು ಮಿತಿ ಹಾಕುವುದು ಸಿಗ್ರೂಪ್‌ನ ಕೆಲಸ. ಮಿತಿ ಹಾಕಬೇಕಾದರೆ ಎಣಿಸಲೇಬೇಕು. ಹಾಗಾಗಿ ಪ್ರತಿ ಕಂಟೇನರ್‌ನ ಖರ್ಚನ್ನೂ ಕರ್ನಲ್ ತಾನೇ ಎಣಿಸುತ್ತ ಇರುತ್ತದೆ, ನಾವು ಕೇಳಲಿ ಬಿಡಲಿ.

ಪ್ರತಿ ನೋಡ್‌ನಲ್ಲೂ ಕ್ಯೂಬ್‌ಲೆಟ್ ಎಂಬ ಕುಬರ್ನೆಟಿಸ್‌ನ ಪ್ರತಿನಿಧಿ ಇರುತ್ತದಲ್ಲ, ಅದರೊಳಗೆ ಸಿ-ಅಡ್ವೈಸರ್ ಎಂಬ ಭಾಗವಿದೆ. ಕರ್ನಲ್‌ನ ಎಣಿಕೆಯನ್ನು ಓದಿ, ಯಾವ ಎಣಿಕೆ ಯಾವ ಪಾಡ್‌ನ ಯಾವ ಕಂಟೇನರ್‌ನದು ಎಂದು ಹೆಸರು ಹಚ್ಚಿ, 10250 ಎಂಬ ಪೋರ್ಟ್‌ನಲ್ಲಿ ಅದು ತೆರೆದಿಡುತ್ತದೆ. ಇದು ಮೊದಲ ಮೂಲ. ಎರಡನೆಯದು ನೋಡ್‌ನದೇ ಆರೋಗ್ಯ: ಡಿಸ್ಕ್ ಎಷ್ಟು ತುಂಬಿದೆ, ನೆಟ್‌ವರ್ಕ್‌ನಲ್ಲಿ ಎಷ್ಟು ಹರಿಯುತ್ತಿದೆ, ಯಂತ್ರದ ಒಟ್ಟು ಮೆಮೊರಿಯಲ್ಲಿ ಎಷ್ಟು ಉಳಿದಿದೆ. ಲಿನಕ್ಸ್ ಇದನ್ನು ಪ್ರಾಕ್ ಮತ್ತು ಸಿಸ್ ಎಂಬ ಡೈರೆಕ್ಟರಿಗಳಲ್ಲಿ ತೋರಿಸುತ್ತದೆ. ನೋಡ್ ಎಕ್ಸ್‌ಪೋರ್ಟರ್ ಎಂಬ ಪುಟ್ಟ ಪ್ರೋಗ್ರಾಂ ಅದನ್ನು ಓದಿ 9100 ಎಂಬ ಪೋರ್ಟ್‌ನಲ್ಲಿ ಇಡುತ್ತದೆ. ಮೂರನೆಯದು ಸ್ವಲ್ಪ ಬೇರೆ ಜಾತಿಯದು. ಮೂರು ಪಾಡ್ ಬೇಕೆಂದು ಕೇಳಿದ್ದೀರಿ, ಎರಡೇ ಇವೆ. ಒಂದು ಕಂಟೇನರ್ ಬೆಳಿಗ್ಗೆಯಿಂದ ಏಳು ಸಲ ಮರುಹುಟ್ಟಿದೆ. ಇಂಥ ಸಂಗತಿ ಕರ್ನಲ್‌ಗೆ ಗೊತ್ತಿಲ್ಲ, ಕುಬರ್ನೆಟಿಸ್‌ನ ಎಪಿಐ ಸರ್ವರ್‌ಗೆ ಮಾತ್ರ ಗೊತ್ತು. ಅದನ್ನು ಕೇಳಿ ಅಂಕಿಗಳನ್ನಾಗಿ ಮಾಡುವುದು ಕ್ಯೂಬ್ ಸ್ಟೇಟ್ ಮೆಟ್ರಿಕ್ಸ್.

ಇಲ್ಲಿ ಹೊಸಬರು ಕೇಳುವ ಪ್ರಶ್ನೆ ಒಂದಿದೆ: ಕ್ಯೂಬ್‌ಸಿಟಿಎಲ್ ಟಾಪ್ ಎಂದರೆ ಸಿಪಿಯು, ಮೆಮೊರಿ ಎರಡೂ ಕಾಣುತ್ತದಲ್ಲ, ಮತ್ತೇಕೆ ಇದೆಲ್ಲ? ಆ ಅಂಕಿ ಕೊಡುವುದು ಮೆಟ್ರಿಕ್ಸ್ ಸರ್ವರ್. ಅದು ಇಟ್ಟುಕೊಳ್ಳುವುದು ತೀರ ಇತ್ತೀಚಿನ ಅಳತೆಯನ್ನು ಮಾತ್ರ. ಪಾಡ್‌ಗಳ ಸಂಖ್ಯೆಯನ್ನು ತಾನಾಗಿ ಏರಿಸಿ ಇಳಿಸುವುದಕ್ಕೆಂದೇ ಅದನ್ನು ಮಾಡಿದ್ದು. ನಿನ್ನೆ ರಾತ್ರಿಯದನ್ನು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಲೆಕ್ಕ ಇರುವ ಜಾಗ ತಿಳಿಯಿತು. ಅದನ್ನು ಕೂಡಿಹಾಕುವ ವಿಧಾನ ಎರಡು: ಏಜೆಂಟ್ ತಾನೇ ಕೇಂದ್ರಕ್ಕೆ ಕಳಿಸಬಹುದು, ಇಲ್ಲವೇ ಕೇಂದ್ರವೇ ಬಂದು ಕೇಳಬಹುದು. ಡೇಟಾಡಾಗ್, ನ್ಯೂ ರೆಲಿಕ್, ಡೈನಾಟ್ರೇಸ್‌ನಂಥ ಕಂಪನಿಗಳ ಏಜೆಂಟ್‌ಗಳು ಮೊದಲ ದಾರಿಯವು. ತಮ್ಮ ಕಂಪನಿಯ ಸರ್ವರ್‌ಗೆ ಕಳಿಸುತ್ತವೆ. ಓಪನ್‌ಟೆಲಿಮೆಟ್ರಿ ಎಂಬ ಮುಕ್ತ ಯೋಜನೆ 2019ರಲ್ಲಿ ಎರಡು ಯೋಜನೆಗಳು ಒಂದಾಗಿ ಹುಟ್ಟಿದ್ದು. ಅದರ ಕಲೆಕ್ಟರ್ ಯಾವ ಕಂಪನಿಗೆ ಬೇಕಾದರೂ ಕಳಿಸಬಲ್ಲದು. ಪ್ರಾಮಿಥಿಯಸ್ ಎರಡನೆಯ ದಾರಿಯದು. ಗೂಗಲ್‌ನಲ್ಲಿ ಮೊದಲು ಕೆಲಸ ಮಾಡಿದ್ದ ಎಂಜಿನಿಯರ್‌ಗಳು, ಅಲ್ಲಿನ ಬೋರ್ಗ್‌ಮಾನ್ ಎಂಬ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸಂಗೀತ ತಾಣ ಸೌಂಡ್‌ಕ್ಲೌಡ್‌ನಲ್ಲಿ 2012ರಲ್ಲಿ ಇದನ್ನು ಆರಂಭಿಸಿದರು. 2016ರಲ್ಲಿ ಇದು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನನ್ನು ಸೇರಿತು. ಆ ಸಂಸ್ಥೆಯ ಮೊದಲ ಯೋಜನೆ ಕುಬರ್ನೆಟಿಸ್, ಎರಡನೆಯದು ಪ್ರಾಮಿಥಿಯಸ್. ಇವೆರಡು ಜೊತೆಯಾಗಿ ಬೆಳೆದವು, ಹಾಗಾಗಿ ಕುಬರ್ನೆಟಿಸ್‌ನ ಪ್ರತಿ ಭಾಗವೂ ಪ್ರಾಮಿಥಿಯಸ್ ಓದಬಲ್ಲ ರೂಪದಲ್ಲೇ ತನ್ನ ಅಂಕಿಗಳನ್ನು ತೆರೆದಿಡುತ್ತದೆ.

ನಮ್ಮ ಮನೆಗೆ ತಿಂಗಳಿಗೊಮ್ಮೆ ವಿದ್ಯುತ್ ಮೀಟರ್ ರೀಡರ್ ಬರುತ್ತಾರಲ್ಲ, ಪ್ರಾಮಿಥಿಯಸ್ ಕೆಲಸ ಮಾಡುವುದು ಥೇಟ್ ಹಾಗೆ. ಮನೆಯವರು ಯಾರೂ ಇಲಾಖೆಗೆ ಹೋಗಿ ಯೂನಿಟ್ ವರದಿ ಮಾಡುವುದಿಲ್ಲ. ಮೀಟರ್ ಗೋಡೆಯ ಮೇಲೆ ಸುಮ್ಮನೆ ಏರುತ್ತಿರುತ್ತದೆ. ರೀಡರ್ ಬಂದು ಸಂಖ್ಯೆ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಈ ತಿಂಗಳ ಸಂಖ್ಯೆಯಲ್ಲಿ ಹೋದ ತಿಂಗಳದ್ದನ್ನು ಕಳೆದರೆ ಬಳಕೆ ಸಿಗುತ್ತದೆ. ಕಂಟೇನರ್‌ನ ಸಿಪಿಯು ಲೆಕ್ಕವೂ ಹೀಗೆ ಏರುತ್ತಲೇ ಹೋಗುವ ಸಂಖ್ಯೆ. ಹುಟ್ಟಿದಾಗಿನಿಂದ ಒಟ್ಟು ಎಷ್ಟು ಸೆಕೆಂಡ್ ಸಿಪಿಯು ಬಳಸಿದೆ ಎಂಬುದು. ಇಂಥದಕ್ಕೆ ಕೌಂಟರ್ ಎನ್ನುತ್ತಾರೆ. ಕೌಂಟರನ್ನು ಹಾಗೇ ನಕ್ಷೆಯಲ್ಲಿ ಬಿಡಿಸಿದರೆ ಏರುವ ಗೆರೆಯೊಂದು ಬಿಟ್ಟು ಏನೂ ಕಾಣದು. ರೇಟ್ ಎಂಬ ಕ್ರಿಯೆಯನ್ನು ಹಚ್ಚಿ ವ್ಯತ್ಯಾಸ ತೆಗೆಯಬೇಕು. ಮೀಟರ್ ಬದಲಾಯಿಸಿದಾಗ ಸಂಖ್ಯೆ ಸೊನ್ನೆಯಿಂದ ಶುರುವಾಗುವಂತೆ, ಕಂಟೇನರ್ ಮರುಹುಟ್ಟಿದಾಗ ಕೌಂಟರೂ ಸೊನ್ನೆಗೆ ಬರುತ್ತದೆ; ರೇಟ್ ಇದನ್ನು ಗುರುತಿಸಿ ಸರಿಪಡಿಸಿಕೊಳ್ಳುತ್ತದೆ. ಮೆಮೊರಿ ಹಾಗಲ್ಲ, ಏರುತ್ತದೆ, ಇಳಿಯುತ್ತದೆ. ಅದು ಗೇಜ್, ಇದ್ದದ್ದನ್ನು ಇದ್ದಹಾಗೆ ಓದಿದರೆ ಸಾಕು. ಮೀಟರ್ ರೀಡರ್ ಬಂದಾಗ ಬಾಗಿಲು ಹಾಕಿದ್ದರೆ ‘ಬೀಗ’ ಎಂದು ಬರೆದುಕೊಳ್ಳುತ್ತಾರೆ. ಪ್ರಾಮಿಥಿಯಸ್ ಕೂಡ ಪ್ರತಿ ಭೇಟಿಗೂ ‘ಅಪ್’ ಎಂಬ ಅಂಕಿಯೊಂದನ್ನು ಬರೆಯುತ್ತದೆ: ಸಿಕ್ಕರೆ 1, ಸಿಗದಿದ್ದರೆ 0. ಕೇಂದ್ರವೇ ಬಂದು ಕೇಳುವ ದಾರಿಯಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ. ಉತ್ತರ ಬಾರದಿರುವುದೂ ಇಲ್ಲಿ ದಾಖಲಾಗುತ್ತದೆ.

ಹೊಸಬರಿಗೆ ನಾನು ಪ್ರಾಮಿಥಿಯಸ್‌ನಿಂದಲೇ ಶುರುಮಾಡಿ ಎನ್ನುತ್ತೇನೆ. ದುಡ್ಡಿಲ್ಲ, ಕಾರ್ಡ್ ನಂಬರ್ ಕೊಡಬೇಕಿಲ್ಲ, ಕಾಲೇಜಿನ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಇಲ್ಲಿ ಕಲಿತ ರಚನೆ ಮುಂದೆ ಕಂಪನಿಯಲ್ಲಿ ಯಾವ ಏಜೆಂಟ್ ಎದುರಾದರೂ ಹೊಂದುತ್ತದೆ, ಏಕೆಂದರೆ ಎಲ್ಲ ಏಜೆಂಟ್‌ಗಳೂ ಎರಡು ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕ್ಲಸ್ಟರ್‌ನಲ್ಲಿ ಎಲ್ಲಿ ಕೂರಬೇಕು? ಯಾವ ಅಧಿಕಾರ ಬೇಕು?

ಕೂರುವ ಜಾಗದ ಪ್ರಶ್ನೆ ಸುಲಭ. ನೋಡ್‌ನ ಆರೋಗ್ಯ ಓದಬೇಕಾದರೆ ಆ ನೋಡ್ ಮೇಲೇ ಇರಬೇಕು, ಪ್ರತಿ ನೋಡ್‌ಗೂ ಒಂದು. ಇದಕ್ಕೆ ಕುಬರ್ನೆಟಿಸ್‌ನಲ್ಲಿ ಡೀಮನ್‌ಸೆಟ್ ಎಂಬ ವ್ಯವಸ್ಥೆ ಇದೆ. ಹೊಸ ನೋಡ್ ಸೇರಿದ ಕೂಡಲೇ ಅದರ ಮೇಲೂ ಏಜೆಂಟ್ ಪಾಡ್ ತಾನಾಗಿ ಎದ್ದೇಳುತ್ತದೆ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಒಂದು ತೊಡಕು ಮಾತ್ರ ಗೊತ್ತಿರಲಿ. ಕ್ಲಸ್ಟರನ್ನು ನಡೆಸುವ ಕಂಟ್ರೋಲ್ ಪ್ಲೇನ್ ನೋಡ್‌ಗಳ ಮೇಲೆ ಸಾಮಾನ್ಯ ಪಾಡ್‌ಗಳು ಬಾರದಂತೆ ಟೇಂಟ್ ಎಂಬ ತಡೆ ಇರುತ್ತದೆ, ಜಿಪಿಯು ಇರುವ ನೋಡ್‌ಗಳಿಗೂ ಹಲವರು ಹೀಗೆ ತಡೆ ಹಾಕಿರುತ್ತಾರೆ. ಏಜೆಂಟ್‌ಗೆ ಆ ತಡೆ ದಾಟುವ ಟಾಲರೇಶನ್ ಕೊಡದಿದ್ದರೆ ಆ ನೋಡ್‌ಗಳು ಯಾವ ಎಚ್ಚರಿಕೆಯೂ ಇಲ್ಲದೆ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಕ್ಯೂಬ್ ಸ್ಟೇಟ್ ಮೆಟ್ರಿಕ್ಸ್ ಮಾತ್ರ ಇದಕ್ಕೆ ವಿರುದ್ಧ. ಅದು ಓದುವುದು ಇಡೀ ಕ್ಲಸ್ಟರ್‌ಗೆ ಒಂದೇ ಆದ ಎಪಿಐ ಸರ್ವರನ್ನು. ಪ್ರತಿ ನೋಡ್‌ಗೂ ಒಂದೊಂದು ಹಾಕಿದರೆ ಒಂದೇ ಪಾಡ್ ಹತ್ತು ಸಲ ಎಣಿಕೆಯಾಗುತ್ತದೆ. ಅದಕ್ಕೇ ಅದು ಡಿಪ್ಲಾಯ್‌ಮೆಂಟ್, ಒಂದೇ ಪ್ರತಿ.

ಅಧಿಕಾರದ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡೋಣ. ಅನೇಕ ಪರಿಚಯ ಪಾಠಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ನನ್ನ ಪ್ರಕಾರ ಪಾಠದ ತಿರುಳೇ ಇದು. ನಿಗಾ ಏಜೆಂಟ್ ಎಲ್ಲ ನೋಡ್‌ಗಳಲ್ಲೂ ಕೂತು, ಎಲ್ಲ ತಂಡಗಳ ಪಾಡ್‌ಗಳನ್ನೂ ನೋಡುತ್ತದೆ. ಅದನ್ನು ವಶಮಾಡಿಕೊಂಡವರಿಗೆ ಇಡೀ ಕ್ಲಸ್ಟರ್‌ಗೆ ಹಾದಿ ಸಿಗುತ್ತದೆ. ಹಾಗಾಗಿ ಬೇಕಾದಷ್ಟೇ ಕೊಡಿ, ಕೊಡುವ ಮೊದಲು ಓದಿ.

ಕುಬರ್ನೆಟಿಸ್‌ನಲ್ಲಿ ಪ್ರೋಗ್ರಾಂಗಳ ಗುರುತು ಸರ್ವಿಸ್ ಅಕೌಂಟ್. ಕ್ಲಸ್ಟರ್‌ರೋಲ್ ಎಂಬುದು ಅಧಿಕಾರಗಳ ಪಟ್ಟಿ. ಇವೆರಡನ್ನು ಗಂಟುಹಾಕುವುದು ಕ್ಲಸ್ಟರ್‌ರೋಲ್ ಬೈಂಡಿಂಗ್. ಪಟ್ಟಿಯಲ್ಲಿ ಕ್ರಿಯಾಪದಗಳಿರುತ್ತವೆ: ಗೆಟ್, ಲಿಸ್ಟ್, ವಾಚ್, ಕ್ರಿಯೇಟ್, ಡಿಲೀಟ್ ಹೀಗೆ. ಓದುವ ಏಜೆಂಟ್‌ಗೆ ಮೊದಲ ಮೂರು ಸಾಕು. ಯಾವುದೋ ಮಾರ್ಗದರ್ಶಿ ಕ್ಲಸ್ಟರ್-ಅಡ್ಮಿನ್ ಕೊಡಿ ಎಂದರೆ ಅಲ್ಲಿಗೇ ನಿಲ್ಲಿಸಿ, ಬೇರೆಯದನ್ನು ಹುಡುಕಿ.

ಕ್ರಿಯಾಪದ ನೋಡಿದರೆ ಸಾಲದು, ಯಾವ ವಸ್ತುವಿನ ಮೇಲೆ ಎಂಬುದನ್ನೂ ನೋಡಬೇಕು. ಕ್ಯೂಬ್‌ಲೆಟ್‌ನ ಅಂಕಿಗಳನ್ನು ಓದಲು ‘ನೋಡ್ಸ್ ಮೆಟ್ರಿಕ್ಸ್’ ಎಂಬ ಸಣ್ಣ ಅಧಿಕಾರ ಸಾಕು. ಕೆಲವು ಏಜೆಂಟ್‌ಗಳು ಅದರ ಬದಲು ‘ನೋಡ್ಸ್ ಪ್ರಾಕ್ಸಿ’ ಕೇಳುತ್ತವೆ. ಹೆಸರು ಸಾಧುವಾಗಿ ಕಾಣುತ್ತದೆ, ಆದರೆ ಆ ದಾರಿಯಲ್ಲಿ ಕ್ಯೂಬ್‌ಲೆಟ್‌ನ ಒಳಗಿನ ಬೇರೆ ಬಾಗಿಲುಗಳಿಗೂ ಹೋಗಬಹುದು, ಪಾಡ್‌ಗಳೊಳಗೆ ಆದೇಶ ಓಡಿಸುವ ಬಾಗಿಲೂ ಅವುಗಳಲ್ಲಿ ಒಂದು. ಇನ್ನೊಂದು ಉದಾಹರಣೆ: ಕ್ಯೂಬ್ ಸ್ಟೇಟ್ ಮೆಟ್ರಿಕ್ಸ್ ತಾನಾಗಿ ನೋಡುವ ವಸ್ತುಗಳ ಪಟ್ಟಿಯಲ್ಲಿ ಸೀಕ್ರೆಟ್‌ಗಳೂ ಇವೆ. ಅದು ಎಣಿಸುವುದು ಸೀಕ್ರೆಟ್‌ನ ಹೆಸರು, ಹುಟ್ಟಿದ ಹೊತ್ತಿನಂಥವನ್ನು ಮಾತ್ರ. ಆದರೆ ಲಿಸ್ಟ್ ಮಾಡುವ ಅಧಿಕಾರ ಇದ್ದವರಿಗೆ ಎಪಿಐ ಸರ್ವರ್ ಸೀಕ್ರೆಟನ್ನು ಅದರೊಳಗಿನ ಪಾಸ್‌ವರ್ಡ್ ಸಮೇತ ಕೊಡುತ್ತದೆ. ಸೀಕ್ರೆಟ್‌ಗಳ ಎಣಿಕೆಯಿಂದ ನಿಮಗೆ ಉಪಯೋಗವಿಲ್ಲದಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಮುಂದೆ ಪರಿಚಯಿಸುವ ಹೆಲ್ಮ್ ಚಾರ್ಟ್‌ನ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಅಳಿಸಿದರೆ ಅಧಿಕಾರವೂ ಜೊತೆಗೇ ಹೋಗುತ್ತದೆ.

ಎಪಿಐ ಅಧಿಕಾರದಾಚೆಗೆ ನೋಡ್ ಮೇಲಿನ ಅಧಿಕಾರವೂ ಇದೆ. ನೋಡ್ ಎಕ್ಸ್‌ಪೋರ್ಟರ್ ಯಂತ್ರದ ಫೈಲ್ ವ್ಯವಸ್ಥೆಯನ್ನು ಹೋಸ್ಟ್‌ಪಾತ್ ಮೂಲಕ ತನ್ನೊಳಗೆ ಜೋಡಿಸಿಕೊಳ್ಳುತ್ತದೆ, ಯಂತ್ರದ್ದೇ ನೆಟ್‌ವರ್ಕ್ ಬಳಸುತ್ತದೆ. ಜೋಡಣೆ ಓದುವುದಕ್ಕೆ ಮಾತ್ರ ಇದೆಯೇ, ಪ್ರೋಗ್ರಾಂ ರೂಟ್ ಅಲ್ಲದ ಬಳಕೆದಾರನಾಗಿ ಓಡುತ್ತಿದೆಯೇ, ಎರಡನ್ನೂ ಖಚಿತಪಡಿಸಿಕೊಳ್ಳಿ. ಹಳೆಯ ಮಾರ್ಗದರ್ಶಿಗಳು ಡಾಕರ್‌ನ ಸಾಕೆಟ್ ಫೈಲನ್ನು ಏಜೆಂಟ್‌ನೊಳಗೆ ಜೋಡಿಸಲು ಹೇಳುತ್ತವೆ. ಆ ಸಾಕೆಟ್ ಕೈಗೆ ಸಿಕ್ಕರೆ ಯಂತ್ರವೇ ಕೈಗೆ ಸಿಕ್ಕಂತೆ. ಸಾಲದ್ದಕ್ಕೆ, 2022ರ ಮೇನಲ್ಲಿ ಬಂದ ಕುಬರ್ನೆಟಿಸ್ 1.24ರಿಂದ ಡಾಕರ್‌ಗೆ ಇದ್ದ ಒಳಸೇತುವೆಯನ್ನೇ ತೆಗೆದಿದ್ದಾರೆ, ಬಹುತೇಕ ಕ್ಲಸ್ಟರ್‌ಗಳು ಈಗ ಕಂಟೇನರ್‌ಡಿ ಬಳಸುತ್ತವೆ. ಸಾಕೆಟ್ ಕೇಳುವ ಸೂಚನೆ ಸಿಕ್ಕಿತೆಂದರೆ ಅದು ಹಳೆಯದು ಎಂದು ತಿಳಿದು ಪಕ್ಕಕ್ಕಿಡಿ.

ಇನ್ನು ಕೈಕೆಲಸಕ್ಕೆ ಬರೋಣ. ಅಭ್ಯಾಸಕ್ಕೆ ಮಿನಿಕ್ಯೂಬ್ ಒಳ್ಳೆಯದು. ಅದರ ಕನಿಷ್ಠ ಬೇಡಿಕೆ 2 ಸಿಪಿಯು, 2 ಜಿಬಿ ಮೆಮೊರಿ. ನಮ್ಮ ಕೆಲಸಕ್ಕೆ 4 ಜಿಬಿ ಕೊಟ್ಟರೆ ನೆಮ್ಮದಿ. ಲ್ಯಾಪ್‌ಟಾಪಿಗೆ ತಾಕತ್ತಿದ್ದರೆ ಎರಡು ನೋಡ್‌ಗಳ ಕ್ಲಸ್ಟರ್ ಮಾಡಿ, ಡೀಮನ್‌ಸೆಟ್ ಎಂದರೇನೆಂದು ಕಣ್ಣಾರೆ ಕಾಣುತ್ತದೆ. ಜೊತೆಗೆ ಹೆಲ್ಮ್ ಬೇಕು. ಹತ್ತಾರು ಯಾಮಲ್ ಫೈಲುಗಳನ್ನು ಒಂದು ಕಟ್ಟು ಮಾಡಿ ಕೊಡುವ ಸಾಧನ ಅದು; ಆ ಕಟ್ಟಿಗೆ ಚಾರ್ಟ್ ಎನ್ನುತ್ತಾರೆ. ಟಿಲ್ಲರ್ ಎಂಬ ಭಾಗವನ್ನು ಕ್ಲಸ್ಟರ್‌ನೊಳಗೆ ಹಾಕಲು ಹೇಳುವ ಪಾಠ ಸಿಕ್ಕರೆ ಮುಚ್ಚಿಬಿಡಿ. 2019ರ ನವೆಂಬರ್‌ನಲ್ಲಿ ಬಂದ ಹೆಲ್ಮ್ 3ರಲ್ಲೇ ಅದು ಹೋಯಿತು.

ನಾವು ಹಾಕುವ ಚಾರ್ಟ್‌ನ ಹೆಸರು ಕ್ಯೂಬ್ ಪ್ರಾಮಿಥಿಯಸ್ ಸ್ಟ್ಯಾಕ್. ಪ್ರಾಮಿಥಿಯಸ್ ಸಮುದಾಯವೇ ಇದನ್ನು ನೋಡಿಕೊಳ್ಳುತ್ತದೆ. ಪ್ರಾಮಿಥಿಯಸ್, ಅದನ್ನು ನಡೆಸುವ ಆಪರೇಟರ್, ನೋಡ್ ಎಕ್ಸ್‌ಪೋರ್ಟರ್, ಕ್ಯೂಬ್ ಸ್ಟೇಟ್ ಮೆಟ್ರಿಕ್ಸ್, ಎಚ್ಚರಿಕೆ ಕಳಿಸುವ ಅಲರ್ಟ್‌ಮ್ಯಾನೇಜರ್, ನಕ್ಷೆ ತೋರಿಸುವ ಗ್ರಫಾನಾ ಎಲ್ಲವೂ ಇದರಲ್ಲಿವೆ. ಹೆಲ್ಮ್ ರೆಪೊ ಆಡ್ ಎಂದು ಸಮುದಾಯದ ಭಂಡಾರವನ್ನು ಸೇರಿಸಿ, ಹೆಲ್ಮ್ ರೆಪೊ ಅಪ್‌ಡೇಟ್ ಎನ್ನಿ. ಆಮೇಲೆ ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ಹೆಲ್ಮ್ ಶೋ ವ್ಯಾಲ್ಯೂಸ್ ಎಂದು ಸೆಟ್ಟಿಂಗ್‌ಗಳನ್ನು ಒಂದು ಫೈಲಿಗೆ ಇಳಿಸಿಕೊಳ್ಳಿ. ಹೆಲ್ಮ್ ಟೆಂಪ್ಲೇಟ್ ಎಂದು, ಕ್ಲಸ್ಟರ್‌ಗೆ ನಿಜವಾಗಿ ಹೋಗುವ ಯಾಮಲ್ ಎಲ್ಲವನ್ನೂ ಇನ್ನೊಂದು ಫೈಲಿಗೆ. ಸಾವಿರಾರು ಸಾಲಿದೆ ಎಂದು ಗಾಬರಿಯಾಗಬೇಡಿ. ಕ್ಲಸ್ಟರ್‌ರೋಲ್ ಎಂಬ ಪದ ಹುಡುಕಿ, ಸಿಕ್ಕ ಕಡೆ ಮಾತ್ರ ಓದಿದರೆ ಮೇಲಿನ ಪಾಠವೆಲ್ಲ ಅಲ್ಲಿ ಕಾಣುತ್ತದೆ. ಹೋಸ್ಟ್‌ಪಾತ್ ಎಂದು ಹುಡುಕಿದರೆ ಉಳಿದದ್ದು.

ಸೆಟ್ಟಿಂಗ್‌ನಲ್ಲಿ ಒಂದನ್ನು ಬದಲಾಯಿಸದೆ ಮುಂದೆ ಹೋಗಲೇಬಾರದು, ಅದು ಸಂಗ್ರಹ. ಈ ಚಾರ್ಟ್‌ನಲ್ಲಿ ನಾವಾಗಿ ಹೇಳದಿದ್ದರೆ ಪ್ರಾಮಿಥಿಯಸ್‌ಗೆ ಶಾಶ್ವತ ಡಿಸ್ಕ್ ಇರುವುದಿಲ್ಲ. ಪಾಡ್‌ನ ಜೊತೆ ಹುಟ್ಟಿ ಪಾಡ್‌ನ ಜೊತೆ ಅಳಿಯುವ ತಾತ್ಕಾಲಿಕ ಜಾಗದಲ್ಲಿ ಬರೆಯುತ್ತದೆ. ಕಂಟೇನರ್‌ಗಳ ಲೆಕ್ಕ ಅಳಿಯಬಾರದೆಂದು ಹಾಕಿದ ಏಜೆಂಟ್‌ನ ಪುಸ್ತಕವೇ ಆ ಪಾಡ್ ಅಳಿದಾಗ ಖಾಲಿಯಾಗುತ್ತದೆ. ಸ್ಟೋರೇಜ್‌ಸ್ಪೆಕ್ ಎಂಬ ಭಾಗದಲ್ಲಿ ಪರ್ಸಿಸ್ಟೆಂಟ್ ವಾಲ್ಯೂಮ್ ಕೇಳಿ. ಎಷ್ಟು ದೊಡ್ಡದು? ಲೆಕ್ಕ ಹಾಕಬಹುದು. ಪ್ರಾಮಿಥಿಯಸ್ ಒಂದು ಅಳತೆಗೆ ಸರಾಸರಿ 1ರಿಂದ 2 ಬೈಟ್ ಜಾಗ ತೆಗೆದುಕೊಳ್ಳುತ್ತದೆ. ಕ್ಲಸ್ಟರ್‌ನಲ್ಲಿ 1,00,000 ಸರಣಿಗಳಿವೆ (ಮತ್ತೆ ಮತ್ತೆ ಓದುವ ಒಂದೊಂದು ಅಂಕಿಗೂ ಒಂದು ಸರಣಿ), 30 ಸೆಕೆಂಡಿಗೊಮ್ಮೆ ಓದುತ್ತದೆ ಎನ್ನಿ. ದಿನಕ್ಕೆ ಪ್ರತಿ ಸರಣಿಗೆ 2,880 ಅಳತೆ, ಒಟ್ಟು 28.8 ಕೋಟಿ. 2 ಬೈಟ್‌ನಂತೆ ದಿನಕ್ಕೆ ಸುಮಾರು 576 ಎಂಬಿ, ಹತ್ತು ದಿನಕ್ಕೆ 6 ಜಿಬಿಗೆ ತುಸು ಕಡಿಮೆ. ಅದರ ಎರಡು ಪಟ್ಟು ಕೇಳಿದರೆ ತೊಂದರೆಯಿಲ್ಲ. ಎಷ್ಟು ದಿನ ಇಡಬೇಕೆಂಬುದನ್ನು ರಿಟೆನ್ಶನ್ ಎಂಬ ಸಾಲಿನಲ್ಲಿ ಬರೆಯಿರಿ. ಗ್ರಫಾನಾಗೆ ನಿಮ್ಮದೇ ಪಾಸ್‌ವರ್ಡ್ ಕೊಡಿ. ಈ ಚಾರ್ಟ್‌ನ ಹಳೆಯ ಆವೃತ್ತಿಗಳಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಬರುತ್ತಿತ್ತು.

ಈಗ ಮಾನಿಟರಿಂಗ್ ಎಂಬ ನೇಮ್‌ಸ್ಪೇಸ್ ಮಾಡಿ, ಹೆಲ್ಮ್ ಇನ್‌ಸ್ಟಾಲ್ ಎಂದು, ರಿಲೀಸ್‌ಗೆ ಒಂದು ಹೆಸರು ಕೊಟ್ಟು, ಬದಲಾಯಿಸಿದ ಸೆಟ್ಟಿಂಗ್ ಫೈಲನ್ನು ಜೊತೆಗೆ ಕಳಿಸಿ. ಆ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಒಂದೆರಡು ನಿಮಿಷ ಬಿಟ್ಟು ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್ ಎನ್ನಿ. ನೋಡ್ ಎಕ್ಸ್‌ಪೋರ್ಟರ್ ಪಾಡ್‌ಗಳ ಸಂಖ್ಯೆಯೂ ನೋಡ್‌ಗಳ ಸಂಖ್ಯೆಯೂ ಒಂದೇ ಆಗಿರಬೇಕು. ಡೀಮನ್‌ಸೆಟ್ ಇದೆ, ಆದರೆ ಪಾಡ್ ಒಂದೂ ಹುಟ್ಟಿಲ್ಲ ಎಂದರೆ ಡೀಮನ್‌ಸೆಟ್ ಮೇಲೆ ಡಿಸ್ಕ್ರೈಬ್ ಮಾಡಿ, ಕೊನೆಯ ಸಾಲುಗಳನ್ನು ಓದಿ. ‘ಫರ್ಬಿಡನ್’ ಎಂದಿದ್ದರೆ ಪಾಡ್ ಸೆಕ್ಯುರಿಟಿ ನಿಯಮ ತಡೆದಿದೆ. ಕುಬರ್ನೆಟಿಸ್ 1.25ರಲ್ಲಿ ಸ್ಥಿರಗೊಂಡ ಈ ನಿಯಮವನ್ನು ಹಲವು ಕಂಪನಿಗಳು ಬಿಗಿಯಾಗಿ ಹಾಕಿರುತ್ತವೆ. ಆಗ ಈ ಒಂದು ನೇಮ್‌ಸ್ಪೇಸ್‌ಗೆ ಮಾತ್ರ ‘ಪ್ರಿವಿಲೇಜ್ಡ್’ ಲೇಬಲ್ ಹಚ್ಚಬೇಕು, ಕ್ಲಸ್ಟರ್ ನೋಡಿಕೊಳ್ಳುವವರನ್ನು ಕೇಳಿಯೇ. ಯಾವುದಾದರೂ ಪಾಡ್ ‘ಪೆಂಡಿಂಗ್’ ಎಂದಿದ್ದರೆ ಮೆಮೊರಿ ಸಾಲದು, ಇಲ್ಲವೇ ಡಿಸ್ಕ್ ಸಿಕ್ಕಿಲ್ಲ.

ಎಲ್ಲ ಎದ್ದ ಮೇಲೆ ಪೋರ್ಟ್-ಫಾರ್ವರ್ಡ್ ಮಾಡಿ 9090ರಲ್ಲಿ ಪ್ರಾಮಿಥಿಯಸ್ ತೆರೆಯಿರಿ. ಲೋಡ್ ಬ್ಯಾಲೆನ್ಸರ್ ಹಚ್ಚಿ ಅದನ್ನು ಹೊರಜಗತ್ತಿಗೆ ತೆರೆಯಬೇಡಿ. ನಾವಾಗಿ ಹಾಕದಿದ್ದರೆ ಅದಕ್ಕೆ ಪಾಸ್‌ವರ್ಡೇ ಇಲ್ಲ. ಟಾರ್ಗೆಟ್ಸ್ ಪುಟಕ್ಕೆ ಹೋದರೆ ಹೆಚ್ಚಿನವು ಹಸಿರು, ಕೆಲವು ಕೆಂಪು. ಸ್ಕೆಡ್ಯೂಲರ್, ಕಂಟ್ರೋಲರ್ ಮ್ಯಾನೇಜರ್, ಕ್ಯೂಬ್ ಪ್ರಾಕ್ಸಿ, ಎಟ್‌ಸಿಡಿ ಎಂಬ ಕುಬರ್ನೆಟಿಸ್‌ನದೇ ಭಾಗಗಳಲ್ಲಿ ಕೆಲವು ಕೆಂಪಾಗಿದ್ದರೆ ಏಜೆಂಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅವು ತಮ್ಮ ಅಂಕಿಗಳನ್ನು 127.0.0.1 ಎಂಬ ವಿಳಾಸದಲ್ಲಿ, ಅಂದರೆ ತಮ್ಮದೇ ಯಂತ್ರದೊಳಗೆ ಮಾತ್ರ ಹೇಳುತ್ತವೆ. ಹೊರಗಿನಿಂದ ಕೇಳಿದ ಪ್ರಾಮಿಥಿಯಸ್‌ಗೆ ಬಾಗಿಲು ತೆರೆಯುವುದಿಲ್ಲ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ನಡೆಸಿಕೊಡುವ ಕ್ಲಸ್ಟರ್‌ಗಳಲ್ಲಾದರೆ ಎಟ್‌ಸಿಡಿಯಂಥ ಭಾಗಗಳು ಅವರ ಕೈಯಲ್ಲೇ ಇರುತ್ತವೆ. ನಮಗೆ ಕಾಣದ್ದನ್ನು ಸೆಟ್ಟಿಂಗ್‌ನಲ್ಲಿ ಆರಿಸಿಬಿಡುವುದು ಸರಿ. ಯಾವಾಗಲೂ ಕೆಂಪಾಗಿರುವ ಸಾಲೊಂದನ್ನು ಹಾಗೇ ಬಿಟ್ಟರೆ, ನಿಜವಾದ ಕೆಂಪು ಬಂದ ದಿನ ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ.

ಇನ್ನು ಕೆಡವೋಣ. ಸೆಕೆಂಡಿಗೆ 1 ಎಂಬಿಯಂತೆ ಮೆಮೊರಿ ತಿನ್ನುತ್ತ ಹೋಗುವ ನಾಲ್ಕೈದು ಸಾಲಿನ ಪೈಥಾನ್ ಬರೆದು, 64 ಎಂಬಿ ಮಿತಿ ಹಾಕಿ ಒಂದು ಪಾಡ್ ಆಗಿ ಓಡಿಸಿ. ಒಂದು ನಿಮಿಷದೊಳಗೆ ಕರ್ನಲ್ ಅದನ್ನು ಕೊಲ್ಲುತ್ತದೆ. ಡಿಸ್ಕ್ರೈಬ್ ಮಾಡಿದರೆ ‘ಓಓಎಂ ಕಿಲ್ಡ್’, ನಿರ್ಗಮನ ಸಂಖ್ಯೆ 137 ಎಂದಿರುತ್ತದೆ: 128ಕ್ಕೆ ಕೊಲ್ಲುವ ಸಂಕೇತದ ಸಂಖ್ಯೆ 9 ಕೂಡಿಸಿದ್ದು. ಈಗ ಪ್ರಾಮಿಥಿಯಸ್‌ನಲ್ಲಿ ಮೂರು ವಿಷಯ ಹುಡುಕಿ. ಕಂಟೇನರ್‌ನ ಮೆಮೊರಿ ಏರುತ್ತ ಮಿತಿಯ ಹತ್ತಿರ ಹೋದದ್ದು ಕಾಣಬೇಕು, ಇದು ಸಿ-ಅಡ್ವೈಸರ್‌ನಿಂದ. ಮರುಹುಟ್ಟಿನ ಎಣಿಕೆ ಏರಬೇಕು, ಕೊನೆಯ ಸಾವಿಗೆ ಕಾರಣ ಓಓಎಂ ಎಂದಿರಬೇಕು. ಇವೆರಡೂ ಕ್ಯೂಬ್ ಸ್ಟೇಟ್ ಮೆಟ್ರಿಕ್ಸ್‌ನಿಂದ. ಮೂರೂ ಸಿಕ್ಕರೆ ಓದುವ ದಾರಿ ಸರಿಯಿದೆ.

ಮೆಮೊರಿ ನೋಡುವಾಗ ‘ವರ್ಕಿಂಗ್ ಸೆಟ್’ ಎಂಬ ಅಂಕಿಯನ್ನು ನೋಡಿ, ‘ಯೂಸೇಜ್’ ಅನ್ನಲ್ಲ. ಓದಿದ ಫೈಲುಗಳನ್ನು ಲಿನಕ್ಸ್ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಯೂಸೇಜ್ ಅದನ್ನೂ ಸೇರಿಸಿಕೊಂಡು ಹೆದರಿಸುತ್ತದೆ. ವರ್ಕಿಂಗ್ ಸೆಟ್ ಆ ಬಿಟ್ಟುಕೊಡಬಹುದಾದ ಭಾಗವನ್ನು ಕಳೆದದ್ದು.

ಪ್ರಯೋಗವನ್ನು ಇನ್ನೊಮ್ಮೆ ಮಾಡಿ, ಈ ಸಲ ಮೆಮೊರಿಯನ್ನು ಒಂದೇ ಉಸಿರಿಗೆ ತಿನ್ನುವಂತೆ ಬರೆದು. ಪಾಡ್ ಸಾಯುತ್ತದೆ, ಮರುಹುಟ್ಟು ಎಣಿಕೆಯಾಗುತ್ತದೆ, ಆದರೆ ಮೆಮೊರಿಯ ಗೆರೆ ಏರಿದ್ದೇ ಕಾಣುವುದಿಲ್ಲ. ಏಕೆಂದರೆ ಓದಿಗೂ ಓದಿಗೂ ನಡುವೆ 30 ಸೆಕೆಂಡ್ ಇದೆ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಇದನ್ನು ಕಣ್ಣಾರೆ ನೋಡಿದವರು ಮುಂದೆ ಯಾವತ್ತೂ ‘ನಕ್ಷೆಯಲ್ಲಿ ಮೆಮೊರಿ ಚೆನ್ನಾಗಿಯೇ ಇತ್ತು, ಆದ್ದರಿಂದ ಮೆಮೊರಿ ಕಾರಣವಲ್ಲ’ ಎನ್ನುವುದಿಲ್ಲ. ಓದುವ ಅಂತರವನ್ನು 5 ಸೆಕೆಂಡಿಗೆ ಇಳಿಸಿದರೆ ಹೆಚ್ಚು ಕಾಣಬಹುದು, ಆದರೆ ಡಿಸ್ಕಿನ ಲೆಕ್ಕ ಆರು ಪಟ್ಟಾಗುತ್ತದೆ. ಸಾವಿನ ಕಾರಣವನ್ನು ಬೇರೆ ಮೂಲದಿಂದ ಓದುವುದು ಅದಕ್ಕಿಂತ ಅಗ್ಗ. ಮೂರು ಮೂಲಗಳೂ ಬೇಕೆಂದದ್ದು ಇದಕ್ಕೇ.

ನಿಮ್ಮ ಸ್ವಂತ ಅಪ್ಲಿಕೇಶನ್‌ನ ಅಂಕಿಗಳನ್ನು ಸೇರಿಸಲು ಸರ್ವಿಸ್ ಮಾನಿಟರ್ ಎಂಬ ವಸ್ತು ಬರೆಯಬೇಕು. ಬರೆದೆ, ಟಾರ್ಗೆಟ್ಸ್ ಪುಟದಲ್ಲಿ ಬರಲೇ ಇಲ್ಲ, ದೋಷವೂ ಕಾಣುತ್ತಿಲ್ಲ ಎಂದು ಹೊಸಬರು ಕಂಗಾಲಾಗುವ ಜಾಗ ಇದು. ಈ ಚಾರ್ಟ್‌ನ ಪ್ರಾಮಿಥಿಯಸ್ ‘ರಿಲೀಸ್’ ಎಂಬ ಲೇಬಲ್ ಇದ್ದು, ಅದರ ಬೆಲೆ ನೀವು ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಹೆಸರೇ ಆಗಿರುವ ಸರ್ವಿಸ್ ಮಾನಿಟರ್‌ಗಳನ್ನು ಮಾತ್ರ ನೋಡುತ್ತದೆ. ನೆನಪಿಡಿ ಎಂದದ್ದು ಇದಕ್ಕೆ. ಅಂಕಿಗಳಿಗೆ ಲೇಬಲ್ ಹಚ್ಚುವಾಗಲೂ ಕೈ ಬಿಗಿಯಿರಲಿ. ಗ್ರಾಹಕರ ಐಡಿಯನ್ನು ಲೇಬಲ್ ಮಾಡಿದರೆ ಪ್ರತಿ ಗ್ರಾಹಕರಿಗೂ ಹೊಸ ಸರಣಿ ಹುಟ್ಟುತ್ತದೆ, ಮೇಲೆ ಹಾಕಿದ 1,00,000ದ ಲೆಕ್ಕ ಒಂದೇ ದಿನದಲ್ಲಿ ಕೋಟಿಗೆ ಹೋಗಿ ಪ್ರಾಮಿಥಿಯಸ್ ತಾನೇ ಮೆಮೊರಿ ಸಾಲದೆ ಬೀಳುತ್ತದೆ. ಊರು, ಪಾವತಿಯ ಬಗೆ, ಉತ್ತರದ ಸಂಖ್ಯೆ ಇಂಥ ಎಣಿಸಬಹುದಾದವನ್ನು ಲೇಬಲ್ ಮಾಡಿ. ಯಾವ ಗ್ರಾಹಕರಿಗೆ ಏನಾಯಿತು ಎಂಬುದು ಲಾಗ್‌ಗೆ ಸೇರಿದ ವಿಷಯ. ಲಾಗ್‌ಗೆ ಫ್ಲುಯೆಂಟ್ ಬಿಟ್‌ನಂಥ ಬೇರೆ ಏಜೆಂಟ್ ಇದೆ, ಅದೂ ಡೀಮನ್‌ಸೆಟ್ಟೇ; ಕ್ಯೂಬ್‌ಲೆಟ್ ಒಂದು ಕಂಟೇನರ್‌ಗೆ ಸಾಮಾನ್ಯವಾಗಿ 10 ಎಂಬಿಯ 5 ಫೈಲುಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ ಅದನ್ನೂ ಬೇಗ ಹಾಕಿ.

ಉಳಿದದ್ದು ಒಂದು ಕೆಲಸ. ಏಜೆಂಟೇ ಸತ್ತರೆ ಯಾರು ಹೇಳುತ್ತಾರೆ? ಈ ಚಾರ್ಟ್‌ನ ಎಚ್ಚರಿಕೆಗಳ ಪಟ್ಟಿಯಲ್ಲಿ ‘ವಾಚ್‌ಡಾಗ್’ ಎಂಬುದೊಂದು ಸದಾ ಹೊತ್ತಿರುತ್ತದೆ. ಹೊಸಬರು ಅದನ್ನು ಕಂಡು ಏನೋ ಕೆಟ್ಟಿದೆ ಎಂದು ಆರಿಸಲು ಹೋಗುತ್ತಾರೆ. ಆರಿಸಬೇಡಿ, ಅದು ಹೊತ್ತಿರುವುದೇ ಆರೋಗ್ಯ. ಅದನ್ನು ಕ್ಲಸ್ಟರ್‌ನ ಹೊರಗಿನ ಒಂದು ಸೇವೆಗೆ ಕೆಲವು ನಿಮಿಷಕ್ಕೊಮ್ಮೆ ಕಳಿಸುತ್ತಿರಬೇಕು, ಬರುವುದು ನಿಂತರೆ ಆ ಸೇವೆ ನಿಮ್ಮನ್ನು ಕರೆಯಬೇಕು. ಚಾರ್ಟ್‌ನ ಮೂಲ ಸೆಟ್ಟಿಂಗ್‌ನಲ್ಲಿ ವಾಚ್‌ಡಾಗ್ ಎಲ್ಲಿಗೂ ಹೋಗದಂತೆ ‘ನಲ್’ ಎಂಬ ವಿಳಾಸಕ್ಕೆ ಕಟ್ಟಿರುತ್ತಾರೆ. ಅಲರ್ಟ್‌ಮ್ಯಾನೇಜರ್‌ನ ಭಾಗದಲ್ಲಿ ಅದನ್ನು ಬಿಡಿಸಿ ಹೊರಗಿನ ಸೇವೆಯ ವಿಳಾಸ ಕೊಡಿ, ಹೆಲ್ಮ್ ಅಪ್‌ಗ್ರೇಡ್ ಮಾಡಿ. ನಂತರ ಮಿನಿಕ್ಯೂಬ್ ಸ್ಟಾಪ್ ಎಂದು ಇಡೀ ಕ್ಲಸ್ಟರನ್ನೇ ನಿಲ್ಲಿಸಿ, ಸೇವೆಯಲ್ಲಿ ನೀವು ಹೇಳಿದ ಅವಧಿ ಮುಗಿಯುವವರೆಗೆ ಕಾಯಿರಿ. ಕರೆ ಅಥವಾ ಮೇಲ್ ಬರಬೇಕು. ಬಾರದಿದ್ದರೆ ಕ್ಲಸ್ಟರ್ ಎಬ್ಬಿಸಿ, ಅಲರ್ಟ್‌ಮ್ಯಾನೇಜರ್‌ನ ಲಾಗ್ ತೆರೆದು, ಆ ವಿಳಾಸಕ್ಕೆ ಕಳಿಸಲು ಹೋದಾಗ ಏನು ಉತ್ತರ ಬಂದಿದೆ ಎಂದು ಓದಿ.